ಬಿದಿರಿನ ತುದಿಯಲ್ಲಿ ಕತ್ತಿವರಸೆ

‘ಅಲ್ಲಾ ಸಾರ್, ಬಿದಿರಿನ ತುದೀಲಿ ನಿಂತ್ಕೊಂಡು ಕತ್ತಿ ಬೀಸ್ತಾನಲ್ಲ, ಕಿವಿಗೆ ಹೂವಿಡೋದಕ್ಕೂ ಒಂದು ಮಿತಿ ಬೇಡ್ವೇ?’

ಬಸವನಗುಡಿಯ ನಮ್ಮ ಸಾಲಿನಲ್ಲಿ ಕಾಂಪೌಂಡ್ ಗೋಡೆಗಳು ಇನ್ನೂ ಎದೆಮಟ್ಟಕ್ಕೇ ಇವೆ. ಆಚೆ ಕಡೆ ಪೂಜೆಗೆ ದಾಸವಾಳ ಬಿಡಿಸುತ್ತಿದ್ದ ರಾಯರ ಸಿಟ್ಟೆಲ್ಲ ನಿರ್ದೇಶಕ ಆಂಗ್ ಲೀ ಮೇಲೆ. ಮೊಮ್ಮಗ ರಾತ್ರಿ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಹಾಕಿದ್ದನಂತೆ.

‘ಬಭ್ರುವಾಹನ ನೋಡಿದ್ದೀರಾ ರಾಯರೇ?’

‘ಎಷ್ಟು ಸಲ ಅಂತ ಕೇಳಿ! ಎಪ್ಪತ್ತೇಳರಲ್ಲಿ ಬಂದದ್ದು. ಅಪ್ಪನೂ ರಾಜ್‌ಕುಮಾರೇ, ಮಗನೂ ರಾಜ್‌ಕುಮಾರೇ.’

‘ಮಂತ್ರ ಹಾಕಿ ಬಾಣ ಬಿಟ್ಟಾಗ ಲೆಕ್ಕ ಕೇಳಿದ್ರಾ?’

‘ಅದು ಪುರಾಣ ಸಾರ್!’

‘ಚೀನದವರಿಗೆ ಇದೂ ಹಂಗೇ. ಸಾಧನೆ ಮಾಡಿದವನಿಗೆ ಮೈ ಹಗುರ ಆಗುತ್ತೆ, ಹಾರ್ತಾನೆ. ಆದ್ರೆ ಈ ಸಿನಿಮಾದಲ್ಲಿ ಹಾರಿದ್ದು ಪುಕ್ಕಟೆ ಅಲ್ಲ. ನಟರನ್ನ ಕ್ರೇನಿಗೆ ತಂತಿ ಕಟ್ಟಿ ನಿಜವಾದ ಬಿದಿರಿನ ಮಧ್ಯೆಯೇ ತೂಗುಬಿಟ್ರು. ಆಮೇಲೆ ಕಂಪ್ಯೂಟರಲ್ಲಿ ತಂತಿ ಅಳಿಸಿದ್ರು, ಅಷ್ಟೆ. ಅದಕ್ಕೂ ಮೂವತ್ತು ವರ್ಷ ಮುಂಚೆ ಕಿಂಗ್ ಹೂ ಅನ್ನೋರು ‘ಎ ಟಚ್ ಆಫ್ ಜೆನ್’ನಲ್ಲಿ ಇಂಥದೇ ಬಿದಿರು ಕಾಡಲ್ಲಿ ಕಾಳಗ ಮಾಡಿಸಿದ್ರು. ಕಂಪ್ಯೂಟರಿಲ್ಲ, ಕುಪ್ಪಳಿಸೋ ಹಲಗೆ, ಚಕಚಕ ಕತ್ತರಿ. ಹೊಡೆತದ ವರಸೆ ಕೂಡಿಸಿದವರು ಪೀಕಿಂಗ್ ಆಪೆರಾದಲ್ಲಿ ಪಳಗಿದವರು. ನಮ್ಮ ಯಕ್ಷಗಾನದವರನ್ನ ಕರೆದು ಫೈಟ್ ಮಾಸ್ಟರ್ ಮಾಡಿದ ಹಾಗೆ!’

ಒಳಗಿಂದ ರಾಯರ ಮನೆಯವರು ಸೊಪ್ಪಿನ ಮೊರದ ಸಮೇತ ಬಂದರು. ‘ಕತ್ತಿ ಬಿಡಿ, ಆ ಇನ್ನೊಂದು ಪಿಕ್ಚರ್ ಇದೆಯಲ್ಲ, ಬಟ್ಟೆ ಬಟ್ಟೆ ಹಾರೋದು, ಅದು ಚೆನ್ನ. ಎಂಥಾ ಕೆಂಪು!’

ಅವರು ಹೇಳಿದ್ದು ಜಾಂಗ್ ಯೀಮೋನ ‘ಹೀರೋ’, 2002ರದು. ನನಗೂ ಹುರುಪು ಬಂತು. ಒಂದೇ ಕಥೆಯನ್ನ ಬೇರೆಬೇರೆಯಾಗಿ ಹೇಳ್ತಾರೆ. ಸುಳ್ಳು ಹೇಳುವಾಗ ಎಲ್ಲರ ಮೈಮೇಲೂ ಕೆಂಪು, ರಾಜ ಊಹಿಸಿದಾಗ ನೀಲಿ, ನಿಜ ಹೊರಬಿದ್ದಾಗ ಬಿಳಿ. ಕ್ಯಾಮೆರಾ ಕ್ರಿಸ್ಟಫರ್ ಡಾಯ್ಲ್‌ದು. ಹಳದಿ ಎಲೆ ಉದುರೋ ಕಾಡಲ್ಲಿ ಇಬ್ಬರು ಹೆಂಗಸರು ಕೆಂಪುಟ್ಟು ಕಾದಾಡ್ತಾರೆ. ಒಬ್ಬಳು ಸಾಯುತ್ತಲೂ ಕಾಡೆಲ್ಲ ಕೆಂಪಗಾಗುತ್ತೆ. ರಕ್ತ ಸುರಿಸೋ ಕೆಲಸ ಎಲೆಗೆ ವಹಿಸಿದ್ದಾನೆ!

‘ಆ ಬಟ್ಟೆ ಮಾಡಿದ್ದು ಎಮಿ ವಾಡಾ ಅಂತ ಜಪಾನಿನ ಹೆಂಗಸು ಅಮ್ಮಾ. ಕುರೊಸಾವಾನ ‘ರಾನ್’ಗೆ ಆಸ್ಕರ್ ತಗೊಂಡೋರು.’

ಕುರೊಸಾವಾ ಅಂದದ್ದೇ ತಡ, ರಾಯರ ಮೀಸೆ ಎದ್ದಿತು. ‘ಹಂಗೆ ಬನ್ನಿ ದಾರಿಗೆ! ಅವನನ್ನ ನೋಡಿಯೇ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಮಾಡಿದ್ದು, ಎಪ್ಪತ್ತೆಂಟರಲ್ಲಿ. ಶಂಕರ್‌ನಾಗ್ ಮೊದಲ ಪಿಕ್ಚರ್, ಎದುರಿಗೆ ಸುಂದರ್‌ಕೃಷ್ಣ ಅರಸ್. ಯಾವನು ಹಾರಿದ ಅದರಲ್ಲಿ? ಕತ್ತಿ ಎತ್ತಿದ್ರೆ ಭಾರ ಕಾಣುತ್ತೆ, ಏಟು ಬಿದ್ರೆ ಏದುಸಿರು ಕೇಳುತ್ತೆ.’

ಅಪೂರ್ವ ಕಿಶೋರ್ ಬೀರ್ ಅವರ ಕ್ಯಾಮೆರಾ ಅದು. ರಾಯರ ಮಾತಿನಲ್ಲಿ ಸತ್ಯವಿದೆ. ಚೀನದವರು ತೂಕ ಕಳೆದು ಗೆದ್ದರು, ನಮ್ಮವರು ತೂಕ ಇಟ್ಟು. ಬೇಸರ ಅಂದ್ರೆ, ಆ ದಾರೀಲಿ ನಮ್ಮವರು ಮುಂದೆ ಹೆಚ್ಚು ನಡೆಯಲಿಲ್ಲ. ತಂತಿಯನ್ನಂತೂ ಕಣ್ಣಿಗೊತ್ತಿಕೊಂಡರು, ಹತ್ತು ಜನ ಒಂದೇ ಗುದ್ದಿಗೆ ಗಾಳಿಗೆ. ಬಣ್ಣ, ಬಟ್ಟೆ, ಎಲೆಯ ವಿಚಾರ ಮಾತ್ರ ಯಾರಿಗೂ ಬೇಡವಾಯ್ತು.

‘ಸರಿ, ಆ ಕೆಂಪಿನ ಪಿಕ್ಚರ್ ಹಾಕಿಸ್ತೀನಿ’ ಅಂದರು ರಾಯರು, ‘ಕೆಳಗೆ ಬರೋ ಅಕ್ಷರ ದಪ್ಪಗಿದೆ ತಾನೆ?’

‘ಓದೋಕೆ ಹೋಗ್ಬೇಡಿ’ ಅಂದರು ಅವರ ಮನೆಯವರು, ‘ಸೀರೆ ಬಣ್ಣ ನೋಡಿ, ಯಾರು ಸುಳ್ಳು ಹೇಳ್ತಿದ್ದಾರೆ ಅಂತ ಗೊತ್ತಾಗುತ್ತೆ.’