ನೋಡಲು ಬಂದವರ ಸೇಬು

ಬೆಂಗಳೂರಿನ ಅಮೃತಹಳ್ಳಿಯ ತಳ್ಳುಗಾಡಿಗಳಲ್ಲಿ ವರ್ಷವಿಡೀ ಮಿರುಗುವ ಸೇಬನ್ನು ಸಸ್ಯಶಾಸ್ತ್ರಜ್ಞರು ಮಧ್ಯ ಏಷ್ಯಾದ ತಿಯಾನ್ ಶಾನ್ ಪರ್ವತಗಳ ಕಾಡುಹಣ್ಣಿನ ಸಂತತಿಯೆಂದು ಗುರುತಿಸಿದರೆ, ಊರಿನವರು ಅದನ್ನು ಕಾಯಿಲೆಯವರನ್ನು ನೋಡಲು ಹೋಗುವಾಗ ಕೈಯಲ್ಲಿರಬೇಕಾದ ವಸ್ತುವೆಂದು ಗುರುತಿಸುತ್ತಾರೆ. ತಮಗಾಗಿ ಬಾಳೆ, ಸೀಬೆ, ಸಪೋಟಗಳನ್ನು ಚೌಕಾಸಿ ಮಾಡಿ ಕೊಳ್ಳುವವರೇ ಪರರಿಗೆಂದು ಸೇಬನ್ನು ಹೇಳಿದ ಬೆಲೆಗೆ ಕೊಂಡು, ಅದಕ್ಕಂಟಿಸಿದ ಚೀಟಿ ಎಲ್ಲರಿಗೂ ಕಾಣುವಂತೆ ಚೀಲಕ್ಕೆ ತುಂಬಿಸುತ್ತಾರೆ.

ಈ ಗೌರವಕ್ಕೆ ಹವಾಮಾನವೂ ಕಾರಣವಿರಬೇಕು. ಸೇಬಿನ ಹಳೆಯ ತಳಿಗಳು ಚೆನ್ನಾಗಿ ಹೂಬಿಡಬೇಕಾದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಸಾವಿರ ಗಂಟೆಯಷ್ಟು ಮಲಗಿರಬೇಕು. ಇದನ್ನು ಶೀತಾವಧಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆದ್ದರಿಂದ ಡಿಸೆಂಬರಿನ ಮುಂಜಾನೆ ಮಂಕಿ ಟೋಪಿ ಧರಿಸಿ ಕೆರೆ ಸುತ್ತುವ ಹಿರಿಯರು ಏನೇ ಹೇಳಲಿ, ಸೇಬಿನ ಲೆಕ್ಕದಲ್ಲಿ ಈ ಊರಿಗೆ ಒಂದು ಗಂಟೆಯ ಚಳಿಯೂ ಬಿದ್ದಂತಿಲ್ಲ. ಅನ್ನಾ, ಎಚ್‌ಆರ್‌ಎಂಎನ್-99 ಮೊದಲಾದ ಕಡಿಮೆ ಚಳಿಯ ತಳಿಗಳು ಬಯಲುಸೀಮೆಗೂ ಇಳಿದಿವೆಯಾದರೂ ಗಾಡಿಯ ಹಣ್ಣು ಬಹುಪಾಲು ಹಿಮಾಚಲ, ಕಾಶ್ಮೀರ ಅಥವಾ ಹೊರದೇಶದ್ದು.

ಅಡುಗೆಮನೆಯಲ್ಲಿ ಸೇಬು ಬಹುರೂಪಿಯಾದದ್ದು ನೆಂಟರ ದೆಸೆಯಿಂದ. ರೋಗಿಗೆ ಬಾಯಿರುಚಿಯಿಲ್ಲದಿರುವಾಗ ಬಂದವರೆಲ್ಲ ಒಂದೊಂದು ಕಿಲೋ ತಂದಿಟ್ಟು ಹೋಗುವುದರಿಂದ, ಒಂದೆರಡು ದಿನ ತಟ್ಟೆಯಲ್ಲಿ ಹೋಳುಗಳು ಸುತ್ತಾಡುತ್ತವೆ. ಅವು ಕಂದದಂತೆ ನಿಂಬೆರಸ ಸವರುವುದುಂಟು, ಏಕೆಂದರೆ ಕತ್ತರಿಸಿದ ಹಣ್ಣನ್ನು ಗಾಳಿಯೊಡನೆ ಸೇರಿ ಕಂದಿಸುವ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಹುಳಿ ಅಡಗಿಸುತ್ತದೆ. ಮೂರನೆಯ ದಿನ ಯಾರೋ ಒಂದನ್ನು ಕಾಯಿಬಾಳೆಯ ಚಿಪ್ಪಿನ ಪಕ್ಕದಲ್ಲಿಡುತ್ತಾರೆ, ಸೇಬು ಹೊರಬಿಡುವ ಎಥಿಲೀನ್ ಅನಿಲಕ್ಕೆ ಬಾಳೆ ಬೇಗ ಹಣ್ಣಾಗುತ್ತದೆ. ಸೇಬು ತಾನು ತಿನ್ನಿಸಿಕೊಳ್ಳಲಾಗದೆ ಇತರರನ್ನು ತಿನ್ನಿಸುವ ಈ ಸೇವೆಗೆ ಯಾರೂ ಕೃತಜ್ಞತೆ ಹೇಳಿದಂತಿಲ್ಲ. ಅಷ್ಟರಲ್ಲಿ ಉಳಿದವು ಹಿಟ್ಟುಹಿಟ್ಟಾಗಿರುತ್ತವೆ. ಕೆಂಪು ಡೆಲಿಷಿಯಸ್ ತಳಿಯ ಸ್ವಭಾವವೇ ಅದು. ಅಂಥವು ಮೊದಲು ಕೇಸರಿಬಾತಿಗೆ ಸೇರುತ್ತವೆ. 1916ರಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬವರು ಅಮೆರಿಕದಿಂದ ಡೆಲಿಷಿಯಸ್ ಗಿಡಗಳನ್ನು ಶಿಮ್ಲಾ ಕಡೆಯ ಕೋಟಗಢಕ್ಕೆ ತರಿಸಿದಾಗ ಅವುಗಳ ಹಣ್ಣು ಮುಂದೆ ಕೇಸರಿಬಾತಿಗೆ ಬೀಳುತ್ತದೆಂದು ಊಹಿಸಿರಲಾರರು. ಕೇಸರಿಬಾತಿನ ಸರದಿ ಮುಗಿದ ಮೇಲೆ ಹಣ್ಣನ್ನು ತುರಿದು, ಸಕ್ಕರೆ, ತುಪ್ಪ, ಏಲಕ್ಕಿಯೊಡನೆ ಮಗುಚಿ ಹಲ್ವ ಮಾಡುತ್ತಾರೆ. ಸೇಬಿನಲ್ಲಿ ಧಾರಾಳವಾಗಿರುವ, ಜಾಮನ್ನು ಗಟ್ಟಿಗೊಳಿಸುವ ಪೆಕ್ಟಿನ್ ಎಂಬ ಅಂಟುದ್ರವ್ಯ ಇಲ್ಲಿಯೂ ಕೈಹಿಡಿಯುತ್ತದೆ.

ಗ್ರಾನಿ ಸ್ಮಿತ್ ಎಂಬ ಆಸ್ಟ್ರೇಲಿಯಾ ಮೂಲದ ಹಸಿರು ಸೇಬಿನ ಜಾತಕ ಬೇರೆ. ಅದು ಹುಳಿಯಾಗಿದ್ದು ಬೇಯಿಸಿದರೂ ಕರಗಿಹೋಗದಿರುವುದರಿಂದ ಪಶ್ಚಿಮದವರು ಅದನ್ನು ಹಿಟ್ಟಿನ ಕಣಕದೊಳಗೆ ತುಂಬಿ ಪೈ ಮಾಡುತ್ತಾರೆ. ಮಾವಿನಕಾಯಿ ಸಿಗದ ಅಮೆರಿಕದ ಊರುಗಳಲ್ಲಿ ಕನ್ನಡದ ಮನೆಗಳವರು ಅದನ್ನೇ ತುರಿದು ಯುಗಾದಿಯ ಚಿತ್ರಾನ್ನಕ್ಕೆ ಕಲೆಸುವುದುಂಟು. ಹುಣಸೆ, ಬೆಲ್ಲ, ಹುರಿದ ಎಳ್ಳಿನ ಪುಡಿ ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟ ಗೊಜ್ಜಿಗೂ ಇದೇ ಸರಿ. ಆದರೂ ಅನಾನಸ್ ಗೊಜ್ಜು ಉಂಡ ನಾಲಿಗೆ ಸೇಬಿನ ಗೊಜ್ಜಿಗೆ ಎರಡನೆಯ ಸ್ಥಾನವನ್ನೇ ಕೊಡುತ್ತದೆ; ಎಷ್ಟೇ ಬೆಲ್ಲ ಸುರಿದರೂ ಆ ತೀರ್ಪು ಬದಲಾಗುವಂತಿಲ್ಲ.