ಟ್ಯಾಲಿಹೋ ಮೀಮಾಂಸೆ

ಇಂಗ್ಲೆಂಡಿನ ಬೇಟೆಗಾರನು ನರಿ ಕಣ್ಣಿಗೆ ಬಿದ್ದೊಡನೆ ಟೋಪಿ ಎತ್ತಿ ‘ಟ್ಯಾಲಿಹೋ’ ಎಂದು ಅರಚುವುದು ಲೋಕವಿದಿತ. ಏಕೆ ಹಾಗೆಯೇ ಅರಚಬೇಕು ಎಂಬುದನ್ನು ಮಾತ್ರ ಯಾರೂ ನರಿಯ ಕಡೆಯಿಂದ ವಿಚಾರಿಸಿಲ್ಲ. ಆ ಕೊರತೆ ನೀಗಲೆಂದೇ ಈ ಸಂಪ್ರಬಂಧ.

ಮೊದಲು ಪೂರ್ವಪಕ್ಷ. ನಿಘಂಟುಕಾರರು ಇದನ್ನು ಫ್ರೆಂಚರ ‘ತಾಯೋ’ಗೆ ಗಂಟುಹಾಕುತ್ತಾರೆ; ಅದು ಜಿಂಕೆಯ ಮೇಲೆ ನಾಯಿಗಳನ್ನು ಛೂ ಬಿಡುವ ಕೂಗು. ಮೋಲಿಯೇರನ 1661ರ ‘ಲೆ ಫಾಶೋ’ ನಾಟಕದಲ್ಲಿ ಇದೇ ಕೂಗಿನೊಡನೆ ಬೇಟೆಯ ಕಥೆ ಹೇಳಿ ಪ್ರಾಣ ತಿನ್ನುವ ಪಾತ್ರವೊಂದುಂಟು. ಮೊದಲ ಪ್ರಯೋಗದಲ್ಲಿ ಅವನಿರಲಿಲ್ಲ. ಸೇರಿಸೆಂದು ಸೂಚಿಸಿದವನು ಸಾಕ್ಷಾತ್ ಹದಿನಾಲ್ಕನೆಯ ಲೂಯಿ. ದೊರೆಯೂ ಅಂಥವರ ಕೈಗೆ ಸಿಕ್ಕಿದ್ದನೆಂದು ಇದರಿಂದ ಸಿದ್ಧ. ಇನ್ನು ಕೆಲವರು ‘ಕತ್ತಿ ಮೇಲೆತ್ತಿ’ ಎಂಬರ್ಥದ ಫ್ರೆಂಚ್ ಮಾತನ್ನು ಎಳೆದು ತರುತ್ತಾರೆ. ಕತ್ತಿ ಹಿರಿದು ನರಿಯನ್ನಟ್ಟುವ ವೀರನನ್ನು ನಾವು ಯಕ್ಷಗಾನದಲ್ಲೂ ಕಂಡಿಲ್ಲವಾಗಿ ಆ ವಾದ ತ್ಯಾಜ್ಯ.

ಆಂಗ್ಲರನ್ನೇ ಕೇಳೋಣವೆಂದರೆ, ಅವರ ಬೇಟೆಯ ಪರಿಭಾಷೆಯಲ್ಲಿ ಕಡುಗೆಂಪು ಕೋಟಿಗೆ ‘ಪಿಂಕ್’ ಎಂದು ಹೆಸರು, ನರಿಯ ಬಾಲಕ್ಕೆ ‘ಬ್ರಷ್’ ಎಂದು. 35 ನಾಯಿಗಳಿದ್ದರೆ ಹದಿನೇಳೂವರೆ ಜೋಡಿ ಎನ್ನುತ್ತಾರೆ. (ಆ ಅರೆಜೋಡಿಯ ನಾಯಿಯ ಮನಃಸ್ಥಿತಿ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ.) ಇಂಥವರ ಸಾಕ್ಷ್ಯವನ್ನು ನಂಬುವುದೆಂತು?

ಈಗ ಸಿದ್ಧಾಂತ. ಕೂಗು ಮೂಲತಃ ನರಿಯದು. ಏದುಸಿರು ಬಿಡುತ್ತ ಅದು ಹಿಂತಿರುಗಿ ಹೇಳಿದ್ದು ಅಚ್ಚಗನ್ನಡದಲ್ಲಿ: ‘ತಾಳಿ, ಹೋ!’ ಪರಂಗಿಯ ನಾಲಗೆಯಲ್ಲಿ ತಕಾರ ಟಕಾರವಾಗುವುದೂ ಳಕಾರ ಲಕಾರವಾಗುವುದೂ ಸಹಜ. ಇಂಗ್ಲೆಂಡಿನ ನರಿಗೆ ಕನ್ನಡ ಎಲ್ಲಿಂದ ಬಂತೆಂದು ಆಕ್ಷೇಪಿಸಬಹುದು. ಕನ್ನಡ ಬಾರದೆ ಬೆಂಗಳೂರಿನಲ್ಲಿ ಮೂವತ್ತು ವರ್ಷ ಬಾಳಬಹುದಾದರೆ, ಬೆಂಗಳೂರು ಕಾಣದೆ ಕನ್ನಡ ಬರುವುದಕ್ಕೆ ಬಾಧಕವೇನು?

ಪೂರಕ ಪ್ರಮಾಣ ನೀಲಗಿರಿಯಲ್ಲಿದೆ. ಊಟಿಯ ವೆನ್ಲಾಕ್ ಬಯಲಿನಲ್ಲಿ ದೊರೆಗಳು ತಮ್ಮ ದೇಶದ ‘ಫಾಕ್ಸ್’ ಸಿಗದೆ ಇಲ್ಲಿಯ ‘ಜಾಕಲ್’ ಹಿಂದೆ ಕುದುರೆ ಓಡಿಸಿದರು. ಅವರಿಗದು ರಾಜಿ, ನಮಗೆ ಎರಡೂ ನರಿಯೇ. ಇನ್ನೊಂದು ಪ್ರಮಾಣ: 1940ರಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್‌ಗಳು ಜರ್ಮನ್ ವಿಮಾನ ಕಂಡೊಡನೆ ರೇಡಿಯೊದಲ್ಲಿ ‘ಟ್ಯಾಲಿಹೋ’ ಎಂದೇ ಕೂಗಿದರು. ಅಟ್ಟುವವನು ಮರುಗಳಿಗೆಯಲ್ಲೇ ಅಟ್ಟಿಸಿಕೊಳ್ಳುವ ಆ ಆಕಾಶದಲ್ಲಿ ‘ತಾಳಿ’ ಎಂಬ ಅರ್ಥವೇ ಹೆಚ್ಚು ಒಪ್ಪುತ್ತದೆ.

2004ರ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ನಾಯಿ ಬಿಟ್ಟು ನರಿ ಬೇಟೆಯಾಡುವುದನ್ನು ನಿಷೇಧಿಸಿತು. 2005ರ ಫೆಬ್ರವರಿಯಲ್ಲಿ ಜಾರಿಗೂ ಬಂತು. ಆಮೇಲೆ ನೆಲದ ಮೇಲೆ ವಾಸನೆಯ ಜಾಡೊಂದನ್ನು ಮೊದಲೇ ಎಳೆದಿಟ್ಟು ಅದರ ಹಿಂದೆ ಹೋಗುವ ಪದ್ಧತಿ ಬೆಳೆಯಿತು. ಕುದುರೆಯುಂಟು, ನಾಯಿಯುಂಟು, ಕೋಟುಂಟು, ನರಿಯೊಂದಿಲ್ಲ. ಈ ನಿರ್ಗುಣ ನಿರಾಕಾರ ನರಿಯನ್ನು ಕುರಿತ ಅದ್ವೈತ ವಿಚಾರ ಎರಡನೆಯ ಸಂಪುಟದಲ್ಲಿ ಬರಲಿದೆ. ಅದರ ಮುದ್ರಣಕ್ಕೆ ಅನುದಾನ ಯಾರು ಕೊಡಬೇಕೆಂಬ ಚರ್ಚೆ ಮೂರನೆಯದರಲ್ಲಿ.