ಮೂಸಿ ನೋಡುವ ಪ್ರವಾಸ

ಹಂಪಸಾಗರದವನಿಗೆ ನಿಸರ್ಗ ನೋಡಲು ದುಡ್ಡು ಕೊಡುವ ಕರ್ಮ ಯಾಕೆ? ಮಗ್ಗುಲಲ್ಲೇ ತುಂಗಭದ್ರೆಯ ಹಿನ್ನೀರು. ನಮ್ಮ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮವಂತೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿ, ಅಲ್ಲಿನ ಕೊಕ್ಕರೆಗಳಿಗೂ ಅಂತರರಾಷ್ಟ್ರೀಯ ಗತ್ತು ಬಂದಿದೆ. ಆದರೂ ಬೆಂಗಳೂರಿನ ಅಳಿಯ ಬಿಡಲಿಲ್ಲ. "ಮಾವ, ನಂದಿಬೆಟ್ಟ, ಊಟ, ವೈನು, ಒಂದ ದಿನದಾಗ ಮೂರೂ! ಅತ್ತಿಗೆ ಬೆಟ್ಟ ಅಂತಷ್ಟ ಹೇಳ್ರಿ."

1,478 ಮೀಟರ್ ಎತ್ತರ ಏರಿ ಮಂಜು ನೋಡಿದೆವು. ಮಂಜನ್ನಷ್ಟೇ. ಆಮೇಲೆ ತಪ್ಪಲಿನ ದ್ರಾಕ್ಷಿ ತೋಟ. ಗಾಜಿನ ಬಟ್ಟಲಿನ ತಳ ಒದ್ದೆಯಾಗುವಷ್ಟು ಶಿರಾಜ್ ಸುರಿದ ಗೈಡಮ್ಮ, "ಕುಡೀಬೇಡಿ ಸರ್! ಮೊದಲು ತಿರುಗಿಸಿ, ಮೂಸಿ. ಕರಿಮೆಣಸು, ಚರ್ಮ, ಹೊಗೆಸೊಪ್ಪು ಗೊತ್ತಾಗುತ್ತಾ?" ಎಂದರು. ದ್ರಾಕ್ಷಿ ಎಲ್ಲಿ ಹೋಯಿತೆಂದು ಕೇಳುವ ಧೈರ್ಯವಾಗಲಿಲ್ಲ. ನಾನು ತಿರುಗಿಸಿದ ರಭಸಕ್ಕೆ ಅರ್ಧ ಶಿರಾಜು ಪಕ್ಕದವರ ಬಿಳಿ ಅಂಗಿಗೆ ಸಂದಾಯವಾಯಿತು. ರುಚಿ ನೋಡಿ ಉಗುಳಲು ಬಕೆಟ್ಟೂ ಇತ್ತು. ಎಲೆ-ಅಡಿಕೆಯವನಾದ ನನಗೆ ಉಗುಳುವುದು ಗೊತ್ತು, ಆದರೆ ದುಡ್ಡು ಕೊಟ್ಟಿದ್ದನ್ನು ಉಗುಳುವಷ್ಟು ಸಿರಿವಂತಿಕೆ ಇನ್ನೂ ಬಂದಿಲ್ಲ, ನುಂಗಿಬಿಟ್ಟೆ.

ಜೊತೆಗೆ ಬಂದ ಚೀಸ್ ತುಣುಕು ಹಲ್ಲಿನ ಸಂದಿಗೇ ಸಾಲಲಿಲ್ಲ. ಚೀಲದಿಂದ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಹೊರತೆಗೆದೆ. ಲಟ್ಟನೆ ಮುರಿದ ಸದ್ದಿಗೆ ಇಡೀ ತಂಡ ತಿರುಗಿತು. ಗೈಡಮ್ಮನೂ ಒಂದು ಚೂರು ಮುರಿದುಕೊಂಡು ಮೂಸತೊಡಗಿದರು. ಅಳಿಯ ಮಾತ್ರ ನನ್ನ ಪರಿಚಯವೇ ಇಲ್ಲದವನಂತೆ ದೂರದಲ್ಲಿ ಬಳ್ಳಿಯ ಫೋಟೊ ತೆಗೆಯುತ್ತಿದ್ದ.